ಮುಕ್ತಾಬಾಯಿಯ ಜೀಪು

ಮಾಜಾಳಿಯ ಮುಕ್ತಾಬಾಯಿ ತಾಂಡೇಲ
ಜೀಪು ತಂದು ನಿಲ್ಲಿಸಿದ್ದು ಅಮಾವಾಸ್ಯೆಯ ಮರುದಿನ.
"ದೋಣಿ ಎಳೆವಾಗ ಹೊಟ್ಟೆ ಮರಳಿಗೆ ತಾಗ್ತದೆ, ಇನಾಸ.
ಎತ್ತರ ಮಾಡು. ಗಾಲಿಯೂ ದೊಡ್ಡದು ಬೇಕು."
ಎಷ್ಟು ದೊಡ್ಡದು, ಕೇಳಿದೆ.
ಎರಡೂ ಕೈ ಅಗಲಿಸಿದಳು,
ಗಿರಾಕಿಗೆ ಬೆಳಗಿನ ಇಸೋಣದ ಅಳತೆ ಹೇಳುವ ಹಾಗೆ.
ನಾನು ಒಂದು ಗೇಣು ಕಳೆದು ಬರೆದುಕೊಂಡೆ.

ಕೋಡಿಬಾಗದ ಗಾಳಿಗೆ ಬೋಲ್ಟು ಬೋಲ್ಟಾಗಿ ಉಳಿಯುವುದಿಲ್ಲ.
ಒಂದೊಂದಕ್ಕೂ ಡೀಸೆಲ್ ಕುಡಿಸಿ ರಾತ್ರಿ ಮಲಗಲು ಬಿಟ್ಟೆವು.
ಬೆಳಿಗ್ಗೆ ಬಸ್ತ್ಯಾಂವ ಸುತ್ತಿಗೆ ಹಿಡಿದು ಎಬ್ಬಿಸಿದ.
ಏಳದವನ್ನು ಗ್ಯಾಸಿನಲ್ಲಿ ಕೊಯ್ದ.
ಸ್ಪ್ರಿಂಗಿಗೆ ಪಟ್ಟೆ ಸೇರಿಸಿ ಎರಡಿಂಚು,
ಬಾಡಿಯಡಿ ಗಟ್ಟಿ ಇಟ್ಟು ಮತ್ತೆರಡು.

ಎತ್ತರವೇನೋ ಆಯಿತು.
ಮೈ ಮೇಲೆ ಹೋಯಿತು, ಗೇರ್‌ಬಾಕ್ಸು ಕೆಳಗೇ ಉಳಿಯಿತು.
ನಡುವಿನ ಸರಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಸಣ್ಣ ಲಿವರು ಎಳೆದರೆ ಹೈ ಬರುತ್ತದೆ, ಲೋ ಬರುವುದಿಲ್ಲ.
ಬಂದರೂ ನಿಲ್ಲುವುದಿಲ್ಲ,
ಮುನಿಸಿಕೊಂಡ ಬೀಗರ ಮನೆಯಲ್ಲಿ
ಚಹಾ ಬರುವ ಮೊದಲೇ ಏಳುವವನ ಹಾಗೆ
ಎದ್ದು ನ್ಯೂಟ್ರಲ್ಲಿಗೆ.

ಅಡಿಗೆ ಸರಿದು ಅಂಗಾತ ಮಲಗಿದೆ.
ಬುಶ್ಶು ಸವೆದು ಮೊಟ್ಟೆಯಾಗಿದೆ.
ಪಿನ್ನು ಇರಬೇಕಾದಲ್ಲಿ ಯಾರೋ ಗಾಳದ ತಂತಿ ಸುತ್ತಿದ್ದಾರೆ.
ಯಾರೋ ಅಲ್ಲ, ನಾನೇ. ಎರಡು ಮಳೆಗಾಲದ ಹಿಂದೆ,
ಅವಸರದಲ್ಲಿ, ನಾಳೆ ಬಾ ಅಂತ ಹೇಳಿ.

ಸರಳು ಎರಡು ಬೆರಳು ಗಿಡ್ಡ.
ಬೈತಖೋಲದ ಗುಜರಿಯಿಂದ ಟ್ರಾಲರಿನ ಸ್ಟೀಲು ತುಂಡು ತಂದು
ಬೆಸೆದು, ತುದಿಗೆ ಹೊಸ ಥ್ರೆಡ್ಡು ಕೊರೆದೆ.
ಇನ್ನು ಹೊಂದಿಸುವುದು.
ನಟ್ಟು ಅರ್ಧ ಸುತ್ತು. "ಹಾಕು!"
ಮೇಲೆ ಬಸ್ತ್ಯಾಂವ ಎಳೆಯುತ್ತಾನೆ. "ಇಲ್ಲ."
ಮತ್ತೆ ಅರ್ಧ. "ಈಗ?"
"ಲೋ ಬಂತು. ಹೈ ಹೋಯ್ತು."
ಹಿಂದಕ್ಕೆ ಕಾಲು.
ಎರಡೂ ಇರಬೇಕು,
ಎರಡರ ನಡುವೆ ಏನೂ ಇಲ್ಲದ ಜಾಗವೂ ಇರಬೇಕು.
ಊಟದ ಹೊತ್ತು ದಾಟಿತು. ಕಣ್ಣಿಗೆ ತುಕ್ಕು ಉದುರಿತು.
ಹನ್ನೊಂದನೆಯ ಸಲ
ಬೆರಳಿಗೆ ಮೊದಲು ಗೊತ್ತಾಯಿತು, ಕಿವಿಗೆ ಆಮೇಲೆ:
ಟಕ್.

ಲಾಕ್‌ನಟ್ಟು ಬಿಗಿದೆ. ಹೊಸ ಪಿನ್ನಿನ ಕಾಲು ಬಾಗಿಸಿದೆ.
ಗಾಳದ ತಂತಿಯನ್ನು, ಬಸ್ತ್ಯಾಂವ ನೋಡದ ಹಾಗೆ,
ಕಿಸೆಗೆ ಹಾಕಿಕೊಂಡೆ.

ಮೂವತ್ತೊಂದಿಂಚಿನ ಗಾಲಿ
ತಿರುವಿನಲ್ಲಿ ಮಡ್ಗಾರ್ಡಿಗೆ ಉಜ್ಜಿತು.
ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುವಾಗ
"ಖಾಪ್ರಿ ಪ್ರಸನ್ನ" ಎಂದು ಬರೆಸಿದ್ದರಲ್ಲಿ
ಖಾಪ್ರಿ ಉಳಿದ, ಪ್ರಸನ್ನ ತಗಡಿನ ಜೊತೆ ಕೆಳಗೆ ಬಿತ್ತು.
ಹೆದರುತ್ತ ಹೇಳಿದೆ.
"ಇರಲಿ ಬಿಡು, ಒಂದು ಸಿಗರೇಟು ಹಚ್ಚಿಟ್ಟರೆ
ಮತ್ತೆ ಆಗ್ತಾನೆ."

ಇಳಿತದ ಹೊತ್ತಿಗೆ ದಂಡೆಯಲ್ಲಿ ಹಗ್ಗ ಕಟ್ಟಿದೆವು.
ಮರಳು ಒಮ್ಮೆ ನುಂಗಲು ನೋಡಿತು, ಬಿಟ್ಟುಕೊಟ್ಟಿತು.
ದೋಣಿ ಗೊಣಗುತ್ತ ಮೇಲೆ ಬಂತು.
ಲಿವರು ಕೂತಲ್ಲೇ ಕೂತಿತ್ತು.

ಹೇಳಬೇಕಾದ್ದು ಇನ್ನೂ ಒಂದಿತ್ತು:
"ಬಾಯೀ, ಈ ಗಾಲಿಗೆ ಮೀಟರು ಸುಳ್ಳು ಹೇಳ್ತದೆ.
ನಲವತ್ತು ಅಂದರೆ ನಲವತ್ತನಾಲ್ಕು.
ಹತ್ತು ಕಿಲೋಮೀಟರು ಓಡಿದರೆ
ಒಂಬತ್ತು ಅಂತ ಬರೆದುಕೊಳ್ತದೆ."

ಅವಳು ಕಾಳಿಯ ಸೇತುವೆಯ ದಿಕ್ಕಿಗೆ ನೋಡಿದಳು.
"ಹಾಗಾದರೆ ಪೇಟೆಗೆ ಹೋಗುವಾಗ
ಒಂದು ಕಿಲೋಮೀಟರು ನಂದೇ.
ಯಾರಿಗೂ ಲೆಕ್ಕ ಕೊಡೋದು ಬೇಡ."

ಮೀನಿನ ಕ್ರೇಟು ಬೋರಲು ಹಾಕಿ, ಸೀರೆ ಎತ್ತಿ ಕಟ್ಟಿ,
ಹತ್ತಿ ಕೂತು ಹೊರಟೇಹೋದಳು.
ಕ್ರೇಟು ಇಲ್ಲೇ ಇದೆ.
ಇಳಿಯುವಾಗ ಏನು ಮಾಡಿದಳೋ.