ಒಂದು ಗೇಣು ಕಡಿಮೆ

ದುಂಡು ಗುಡಾರದ ನಟ್ಟನಡುವೆ ಒಲೆ.
ಹೊರಗೆ ಗೋಬಿಯ ಚಳಿ, ಸೊನ್ನೆಗಿಂತ ಮೂವತ್ತು ಕೆಳಗೆ.
ಆರಿಸುವ ಮಾತೇ ಇಲ್ಲ.

ತೆಮೂಲೆನ್ ಅಂದರೆ ಮುನ್ನುಗ್ಗುವವನು.
ಹೆಸರಿಟ್ಟವರು ನಾವೇ. ಈಗ ಸೊಂಟಕ್ಕೆ ಹಗ್ಗ,
ಇನ್ನೊಂದು ತುದಿ ಮಂಚದ ಕಾಲಿಗೆ.

ಅಳೆದವರು ಅತ್ತೆ:
ಮಗು ಬೋರಲು ಬಿದ್ದು ಕೈ ಚಾಚಿದರೂ
ಒಲೆಗೆ ಒಂದು ಗೇಣು ಕಡಿಮೆಯಾಗಬೇಕು.

ಕಟ್ಟಿಹಾಕೋಕೆ ಇವನೇನು ಕರುವೇ, ಅಂದಿದ್ದೆ ಒಮ್ಮೆ.
ಅತ್ತೆ ಉತ್ತರ ಕೊಡದೆ ತಮ್ಮ ಮಗನಿಗೆ ಚಹಾ ನೀಡಿದರು.
ಅವನು ಎಡಗೈಯಲ್ಲಿ ಹಿಡಿದ.
ಬಲಗೈಯ ಬೆರಳು ಮಡಚುವುದಿಲ್ಲ.

ಹುಣ್ಣಿಮೆಗೊಮ್ಮೆ ಮತ್ತೆ ಅಳೆಯುತ್ತೇನೆ.
ಹಗ್ಗ ಅಷ್ಟೇ ಇರುತ್ತದೆ,
ಕೈ ಬೆಳೆದಿರುತ್ತದೆ.
ಗಂಟು ಬಿಚ್ಚಿ ಬೆರಳಷ್ಟು ಹಿಂದೆ ಕಟ್ಟುತ್ತೇನೆ.
ಅವನು ಕೇಕೆ ಹಾಕಿ ಓಡುತ್ತಾನೆ ಒಲೆಯತ್ತ,
ಮಂಚದ ಕಾಲು
ಕಿರ್ರೆನ್ನುತ್ತದೆ.