ಉಪ್ಪು ಮೂರು ಸಲ

ನ್ಯೂಫೌಂಡ್‌ಲ್ಯಾಂಡಿನ ನಮ್ಮ ಕೊಲ್ಲಿಯಲ್ಲಿ
ಸಭಾಭವನಕ್ಕಿನ್ನೂ ಪಾಯವೇ ಇಲ್ಲ,
ಅದರ ಕಪಾಟಿಗೆ ಆಗಲೇ ಜಗಳ:
ಹೊಲಿಗೆ ಬಳಗಕ್ಕೆ ಎರಡು ಹಲಗೆಯಂತೆ,
ಹಸಿದವರಿಗೆ ದಿನಸಿ ಹಂಚುವವರಿಗೆ ಮೂರು,
ಬೆಂಕಿ ಆರಿಸುವ ಹುಡುಗರು ಕೇಳಿದ್ದು ಇಡೀ ಗೋಡೆ.
ಕೂಸು ಹುಟ್ಟಿಲ್ಲ, ಕುಲಾವಿ ಹರಿಯಿತು.

ಶನಿವಾರ ಮೀನಿನ ಸಾರು ಮಾರಿದೆವು,
ಬಟ್ಟಲಿಗೆ ಐದು ಡಾಲರ್.
ಸೌಟು ಹಿಡಿದ ಮೂವರೂ ಮಾತು ಬಿಟ್ಟವರು;
ಉಪ್ಪು ಮೂರು ಸಲ ಬಿತ್ತು.
ಯಾರೂ ಸೊಲ್ಲೆತ್ತಲಿಲ್ಲ.
ನೀರು ಕುಡಿದು, ಇನ್ನೊಂದು ಬಟ್ಟಲು ಕೇಳಿದರು.
ನಾನೂ.

ಕೂಡಿದ್ದು ನಾನೂರ ಹದಿನೈದು: ಒಂದು ಕಿಟಕಿಯ ಬೆಲೆ.
'ಗೋಡೆಯಿಲ್ಲದೆ ಕಿಟಕಿ ತಂದು ಎಲ್ಲಿಡೋಣ?' ಅಂದ
ಬಡಗಿ ಆಂಬ್ರೋಸ್.
ಹೊಲಿಗೆಯ ಫಿಲೊಮಿನಾ ಪಾತ್ರೆ ಉಜ್ಜುತ್ತಲೇ ಅಂದಳು,
ಯಾರ ಮುಖವನ್ನೂ ನೋಡದೆ:
'ನಮ್ಮನೆ ಕಪಾಟಿನಲ್ಲಿಡು.
ಎರಡು ಹಲಗೆ ಬಿಚ್ಚಿದರೆ ಹಿಡಿಸುತ್ತದೆ.'