ಅರ್ಥ್ ಕಡ್ಡಾಯ

ವೈರಿಂಗ್ ಅಂಗಡಿಯ ಹಳೆ ಬಿಲ್ ಬುಕ್ಕಿನ ಬೆನ್ನ ಮೇಲೆ
ಬರೆಯುತ್ತಿದ್ದೇನೆ, ಶಕ್ತಿನಗರದ ಕಾಲೊನಿ ಸಂಘದವರಿಗೆ
ಶನಿವಾರ ರಾತ್ರಿ ನಮಗೇನು ಬೇಕು ಅಂತ.

ಮೈಕು ಐದು. ಸ್ಟ್ಯಾಂಡು ನಾಲ್ಕು ಸಾಕು,
ತಾಯರಾಜ ಕೈಯಲ್ಲೇ ಹಿಡಿಯುತ್ತಾನೆ,
ಸ್ಟ್ಯಾಂಡಿಗಿಟ್ಟರೆ ಅವನ ದನಿಯೂ ನಿಂತಲ್ಲೇ ನಿಲ್ಲುತ್ತದೆ.
ಕೀಬೋರ್ಡಿಗೆ ಮೇಜು, ಅಲುಗಬಾರದು.
ಜಿಲಾನಿಯ ಡ್ರಮ್ಮಿನ ಕೆಳಗೆ ಜಮಖಾನ:
ಬರೀ ಟೈಲ್ಸ್ ಮೇಲಿಟ್ಟು ಒದ್ದರೆ ಅದು
ಜನರ ಕಡೆಗೆ ತೆವಳಿಕೊಂಡು ಹೊರಡುತ್ತದೆ.
ಲಿಂಗಸೂಗೂರಲ್ಲಿ ಅರ್ಧ ರಾತ್ರಿ ಅವನ ತಮ್ಮ
ಅದರ ಮುಂದೆ ಗುಂಡುಕಲ್ಲಿನಂತೆ ಕೂತಿದ್ದ.
ಟೇಬಲ್ ಫ್ಯಾನು ಎರಡು. ಒಂದು ಆಂಪ್ಲಿಫೈಯರಿಗೆ,
ಮೇ ತಿಂಗಳಲ್ಲಿ ಅದಕ್ಕೂ ಜೀವ ಬಾಯಿಗೆ ಬರುತ್ತದೆ.
ಗಿಟಾರಿನ ತಂತಿ ಈ ಬಿಸಿಲಿಗೆ ಸಡಿಲ;
ಶ್ರುತಿಗೆ ಇಪ್ಪತ್ತು ನಿಮಿಷ ಕೊಡಿ,
ಆ ಹೊತ್ತಲ್ಲಿ ದಯವಿಟ್ಟು ಸನ್ಮಾನ ಇಟ್ಟುಕೊಳ್ಳಬೇಡಿ.

ಕೊನೆಗೆ, ಕೆಂಪು ಶಾಯಿಯಲ್ಲಿ: ಅರ್ಥ್ ಕಡ್ಡಾಯ.

ಕೆಂಪು ಯಾಕೆ ಅಂತ ಬರೆಯಲಿಲ್ಲ.
ಸಿಂಧನೂರಿನಲ್ಲಿ, ಎರಡನೇ ಹಾಡಿಗೆ,
ಮಾರೆಮ್ಮನ ತುಟಿ ಮೈಕಿಗೆ ತಾಗಿ
ನೀಲಿ ಕಿಡಿಯೊಂದು ಹಾರಿದ್ದು,
ಜನ ಅದಕ್ಕೂ ಸಿಳ್ಳೆ ಹೊಡೆದದ್ದು,
ಅವಳು ತುಟಿ ಒರೆಸಿಕೊಂಡು ಚರಣ ಮುಗಿಸಿದ್ದು.
ವಾಪಸು ಬರುವ ಟೆಂಪೋದಲ್ಲಿ ಯಾರೂ ಮಾತಾಡಲಿಲ್ಲ.
ವೈರು ಎಳೆದವನು ನಾನು.

ಕಾರ್ಯದರ್ಶಿ ಭೀಮಸೇನರಾಯರ ಫೋನು ಬಂತು.
"ಎಲ್ಲಾ ಓಕೆ ರೀ, ಜಮಖಾನ ಸುದ್ದಾ ಅದ.
ಕಡೀದೊಂದು ತಿಳೀಲಿಲ್ಲ ನೋಡ್ರಿ,
ಅರ್ಥ ಕಡ್ಡಾಯ ಅಂತ ಬರದೀರಿ.
ಆರ್ಕೆಸ್ಟ್ರಾದಾಗ ಅರ್ಥ ಯಾರು ಕೇಳ್ತಾರ್ರಿ?"

ನಗು ಬಂತು, ನುಂಗಿದೆ.
"ಸರ, ಅದು ನೆಲದಾಗ ಇರ್ತದ," ಅಂದೆ,
"ತಾಮ್ರದ ತಗಡು, ಇದ್ದಿಲು, ಉಪ್ಪು."
"ಊರಿಗೆಲ್ಲ ಕರೆಂಟು ಕೊಡೋರಿಗೇ ಹೇಳ್ತೀರಲ್ರಿ,"
ಅಂತ ಅವರೇ ನಕ್ಕು ಇಟ್ಟರು.

ಶನಿವಾರ ಮೂರು ಗಂಟೆ. ಚಿಮಣಿಗಳ ಬೂದಿ ಬಣ್ಣದ ಬಿಸಿಲು.
ಸಭಾಭವನದ ಹಿಂದೆ ಅರ್ಥಿನ ಗುಂಡಿ ಹುಡುಕಿದರೆ
ಒಳಗೆ ಒಣಮಣ್ಣು, ಒಂದು ಗುಟ್ಕಾ ಚೀಟಿ.
ಕ್ಯಾಂಟೀನಿನಿಂದ ಕಲ್ಲುಪ್ಪು ತಂದು ಸುರಿದೆ,
ನೀರು ಹೊತ್ತೆ. ನೆಲ ಕುಡಿಯುತ್ತಲೇ ಹೋಯಿತು.
ಐದನೇ ಬಕೆಟ್ಟಿಗೆ ತಿರುಗಿದರೆ ಮಾರೆಮ್ಮ,
ಕರೆಯದೆ ಬಂದವಳು, ಆರನೆಯದು ಹಿಡಿದು ನಿಂತಿದ್ದಳು.

ಫೇಸಿಗೂ ಅರ್ಥಿಗೂ ನೂರು ವಾಟಿನ ಬಲ್ಬು ಕೊಟ್ಟೆ.
ಮಿಣುಕು. ಇನ್ನೊಂದು ಬಕೆಟ್. ಆಮೇಲೆ ಉರಿಯಿತು.

ಮೈಕು ಆನ್ ಮಾಡಿ ಮೊದಲು ನನ್ನ ತುಟಿ ಇಟ್ಟೆ.
ಏನೂ ಆಗಲಿಲ್ಲ.
"ಎಂಜಲು ಮಾಡಿದೆಲ್ಲೋ, ಹಾಟ್ಯಾ," ಅಂತ ಬೈದು
ಸೆರಗಲ್ಲಿ ಒರೆಸಿ
ಅವಳು ಶ್ರುತಿ ಕೇಳಿದಳು.